ಮೈಕಿನಲ್ಲಿ ಕರೆದ ಕೂಟ

ಗುಬ್ಬಿ ಕಡೆಯ ಒಂದು ಹೈಸ್ಕೂಲಿಗೆ ಆಪ್ತಸಮಾಲೋಚನೆಗೆ ಹೋಗಿದ್ದೆ. ಹುಡುಗರನ್ನೇ ಇಷ್ಟಪಡುವ ಹುಡುಗರನ್ನು ಉಳಿದವರು ಗೋಳು ಹೊಯ್ದುಕೊಳ್ಳುತ್ತಾರೆ, ಅಂಥವರು ಗುಟ್ಟಾಗಿ ಬಂದು ಮಾತಾಡಲು ಒಂದು ಕೂಟ ಇರಲಿ ಅಂತ ಹೆಡ್‌ಮಾಸ್ಟರಿಗೆ ಹೇಳಿದೆ. ಅವರು ಒಳ್ಳೆಯವರೇ. ಬೆಳಿಗ್ಗೆ ಪ್ರಾರ್ಥನೆ ಮುಗಿದ ಕೂಡಲೇ ಮೈಕ್ ಹಿಡಿದರು.

"ಹೆಣ್ಣಿಗ ಅಂತ ಯಾರ್ಯಾರನ್ನ ರೇಗಿಸ್ತಾರೋ ಅವರೆಲ್ಲ ಊಟ ಆದ್ಮೇಲೆ ಲ್ಯಾಬಿಗೆ ಹೋಗಿ. ನಾಚ್ಕೋಬೇಡಿ!"

ಇಡೀ ಮೈದಾನ ನಕ್ಕಿತು.

ಮಧ್ಯಾಹ್ನ ಲ್ಯಾಬಿನಲ್ಲಿ ನಾನೊಬ್ಬಳೇ. ಯಾರು ಬರ್ತಾರೆ ನೋಡೋಣ ಅಂತ ಕಿಟಕಿಯಾಚೆ ತಲೆಗಳ ಸಾಲು. ಇನ್ಯಾರು ತಾನೇ ಬಂದಾರು? ಬೆಲ್ ಹೊಡೆದು ತಲೆಗಳೆಲ್ಲ ಚದುರಿದ ಮೇಲೆ, ಕೂದಲು ನರೆತ ಡ್ರಾಯಿಂಗ್ ಮೇಷ್ಟ್ರು ಬಂದು ಹಿಂದಿನ ಬೆಂಚಿನಲ್ಲಿ ಕೂತರು.

"ಸರ್, ಇದು ಮಕ್ಕಳಿಗೆ" ಅಂದೆ.

"ಗೊತ್ತು ಮೇಡಂ. ನಾನೂ ಇದೇ ಸ್ಕೂಲಲ್ಲಿ ಓದಿದ್ದು. ಆಗ ಹಿಂಗೆ ಮೈಕಲ್ಲಿ ಕರೆಯೋರೂ ಇರ್ಲಿಲ್ಲ. ಸ್ವಲ್ಪ ಹೊತ್ತು ಕೂತಿದ್ದು ಹೋಗ್ತೀನಿ."

ಕೂತಿದ್ದರು. ಆಮೇಲೆ ಬೆಂಚು ಸರಿಸಿಟ್ಟು ಹೋದರು.

ಸಂಜೆ ಸ್ಟಾಫ್ ರೂಮಿನಲ್ಲಿ ಹೆಡ್‌ಮಾಸ್ಟರು ನನ್ನನ್ನು ಸಮಾಧಾನ ಮಾಡಿದರು. "ಬೇಜಾರ್ ಮಾಡ್ಕೋಬೇಡಿ ಮೇಡಂ, ನಮ್ ಸ್ಕೂಲಲ್ಲಿ ಅಂಥೋರು ಒಬ್ರೂ ಇಲ್ಲ ಬಿಡಿ."

ಹೌದೌದು ಅಂತ ಎಲ್ಲರಿಗಿಂತ ಮೊದಲು ತಲೆಯಾಡಿಸಿದವರು ಡ್ರಾಯಿಂಗ್ ಮೇಷ್ಟ್ರೇ.