ಆಚೆ ದಡದಿಂದ ಬಂದ ಕೂ

ಬಂಟ್ವಾಳದಲ್ಲಿ ನನ್ನದೊಂದು ಸಣ್ಣ ಹೋಟೆಲು. ಒಂದು ಚಾ ತೆಗೆದುಕೊಂಡು ಒಂದು ಗಂಟೆ ಕೂರುವ ಗಿರಾಕಿಗಳು ಅಲ್ಲಿ ಬೇಕಾದಷ್ಟು ಜನ ಉಂಟು. ಅವರ ಬಾಯಲ್ಲಿ ಎಂತೆಂಥ ಕಥೆಗಳು ಬರುತ್ತವೆ ಅಂತೀರಿ! ಸೇತುವೆ ಹತ್ತಿರ ಯಾರೋ ಹೆಸರು ಹಿಡಿದು ಕರೆದರಂತೆ, ತಿರುಗಿ ನೋಡಿದರೆ ಜನವೇ ಇಲ್ಲವಂತೆ. ನಾನು ಗಲ್ಲಾದಲ್ಲಿ ಕೂತು ನಗುತ್ತಿದ್ದೆ. ದೈವಕ್ಕೆ ಕೈ ಮುಗಿಯುವುದು ಬೇರೆ ವಿಷಯ, ಅದು ಹಿರಿಯರಿಂದ ಬಂದದ್ದು. ಇಂಥ ಕಥೆ ನಂಬುವವರಿಗೆ ಮಾತ್ರ ಬೇರೆ ಕೆಲಸವಿಲ್ಲ ಎಂದೇ ನನ್ನ ಲೆಕ್ಕ. ಈಗ ನನ್ನದೇ ಒಂದನ್ನು ಹೇಳಲು ಕೂತಿದ್ದೇನೆ. ನೀವು ನಕ್ಕರೆ ಬೇಸರವಿಲ್ಲ, ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ.

ನನ್ನ ಹೆಂಡತಿ ಶಶಿ ಮೂಡುಬಿದಿರೆ ಕಡೆಯ ಒಂದು ಶಾಲೆಯಲ್ಲಿ ಟೀಚರ್. ಮದುವೆಯಾಗಿ ಎಷ್ಟೋ ವರ್ಷ ನಾವಿಬ್ಬರೇ ಎಲ್ಲಿಗೂ ಹೋದವರಲ್ಲ. ಅವಳಿಗೆ ರಜೆ ಇದ್ದಾಗ ನನಗೆ ಮದುವೆ ಸೀಸನ್ನಿನ ಅಡುಗೆಯ ಆರ್ಡರುಗಳು. ಕೆಲವು ವರ್ಷಗಳ ಹಿಂದೆ ಒಂದು ಬೇಸಿಗೆಯಲ್ಲಿ ಅವಳು ಹಟ ಹಿಡಿದಳು. ಹೋಟೆಲನ್ನು ತಮ್ಮನಿಗೆ ಒಪ್ಪಿಸಿ ಹೊರಟೆವು. ಕಕ್ಕಿಂಜೆ ದಾಟಿ, ಘಾಟಿ ಹತ್ತಿ, ಅಲ್ಲಿಂದ ಜೀಪಿನಲ್ಲಿ ಗುಡ್ಡದೊಳಗೆ ಹೋದರೆ ಒಂದು ದೊಡ್ಡ ಕೆರೆ. ಅದರ ದಡದಲ್ಲಿ ಬಾಬಣ್ಣ ಎನ್ನುವವರ ಹೋಂಸ್ಟೇ. ಸುತ್ತ ಬೆಟ್ಟ, ಎದುರು ದಡದಲ್ಲಿ ಬರೀ ಕಾಡು. ಚಂದ ಎಂದರೆ ಚಂದವೇ. ಆದರೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಮೊಬೈಲಿಗೆ ರೇಂಜ್ ಇಲ್ಲ, ಹೋಟೆಲಿನಲ್ಲಿ ಏನಾಗಿದೆಯೋ ಎಂಬ ಚಿಂತೆ ಬೇರೆ. ನೀರು ನೋಡಿದರೇ ನನಗೆ ಒಂಥರಾ ಆಗುತ್ತದೆ, ಯಾಕೆಂದರೆ ಈಜು ಬರುವುದಿಲ್ಲ. ಶಶಿ ನಾರಾವಿಯ ಗುಡ್ಡದ ಬದಿಯ ಮನೆಯವಳು. ತೋಟದ ಕೆರೆಯಲ್ಲೇ ಈಜು ಕಲಿತವಳು. ಬಂದ ದಿನವೇ ನೀರಿಗೆ ಇಳಿದಳು.

ಆ ಸಂಜೆ ಅವಳು ನನಗೆ ಕೂ ಹಾಕಲು ಕಲಿಸಿದಳು. ಅವಳ ಊರಿನಲ್ಲಿ ತೋಟದಲ್ಲಿದ್ದವರನ್ನು ಊಟಕ್ಕೆ ಕರೆಯುವುದು ಹಾಗೆಯೇ. ಮನೆಯಿಂದ ಒಬ್ಬರು 'ಕೂ' ಎಂದು ಎಳೆದರೆ ಕೆಳಗಿನಿಂದ ಒಬ್ಬರು 'ಕೂ' ಎನ್ನಬೇಕು. ನನ್ನದು ಪೇಟೆಯ ಗಂಟಲು, ಕೊನೆಯಲ್ಲಿ ಒಡೆದು ಕೋಳಿ ಕೂಗಿದ ಹಾಗಾಗುತ್ತಿತ್ತು. ಅವಳಿಗೆ ನಕ್ಕು ನಕ್ಕು ಸಾಕಾಯಿತು. ಎದುರು ಬೆಟ್ಟ ಹೇಗೂ ಪ್ರತಿಧ್ವನಿ ಕೊಡುತ್ತದೆ ಎಂದು ನಾನು ಮತ್ತೆ ಮತ್ತೆ ಹಾಕಿದೆ. ಏನೂ ಬರಲಿಲ್ಲ. ಅಷ್ಟು ದೊಡ್ಡ ಬೆಟ್ಟ ಎದುರಿಗೆ ನಿಂತಿದ್ದರೂ ಒಂದು ಕೂ ಸಹ ತಿರುಗಿ ಬರಲಿಲ್ಲ. ಅದರ ಮೇಲೆ ತಣ್ಣೀರು ಬೇರೆ ಕುಡಿದೆ. ಬೆಳಗ್ಗೆ ಎದ್ದಾಗ ಗಂಟಲು ಪೂರ್ತಿ ಕೂತಿತ್ತು. ಬಾಯಿ ತೆರೆದರೆ ಬರೀ ಗಾಳಿ. ಅಪರೂಪಕ್ಕೆ ಕಿವಿಗೆ ಶಾಂತಿ ಎಂದು ಶಶಿ ತಮಾಷೆ ಮಾಡಿ ನೀರಿಗೆ ಹೋದಳು.

ತಿಂಡಿಗೆಂದು ಬಾಬಣ್ಣ ಕೊಟ್ಟ ಪುಂಡಿಯ, ಅಂದರೆ ಅಕ್ಕಿ ಕಡುಬಿನ, ತಟ್ಟೆ ಹಿಡಿದು ನಾನು ದಡದಲ್ಲಿ ಕೂತೆ. ರಾತ್ರಿ ಒಂದು ಮಳೆ ಬಿದ್ದಿತ್ತು. ಅವಳು ಕೆರೆಯ ನಡುವಿನವರೆಗೆ ಹೋಗಿರಬಹುದು, ಅಷ್ಟರಲ್ಲಿ ಬೆಟ್ಟದ ಕಡೆಯಿಂದ ಮಂಜು ಇಳಿಯಿತು. ಘಾಟಿಯ ಮಂಜು ನಾನು ನೋಡದ್ದೇನಲ್ಲ, ಆದರೆ ಅಷ್ಟು ಬೇಗ ಬಂದದ್ದನ್ನು ನೋಡಿಲ್ಲ. ಮೊದಲು ಎದುರು ದಡ ಹೋಯಿತು, ಆಮೇಲೆ ಅವಳ ತಲೆ ಹೋಯಿತು, ಕೊನೆಗೆ ನನ್ನ ಕಾಲ ಬುಡದ ನೀರೂ ಕಾಣದಾಯಿತು.

ಕೂಗಿದೆ, ಸ್ವರ ಹೊರಡಲಿಲ್ಲ. ಅವಳು ಒಮ್ಮೆ ಕೂ ಹಾಕಿದ್ದು ಕೇಳಿತು. ಉತ್ತರಿಸಲು ಬಾಯಿ ತೆರೆದರೆ ಗಾಳಿ ಮಾತ್ರ. ಆಗ ನನಗೆ ಹೊಳೆದದ್ದು ತಟ್ಟೆ. ಹೋಟೆಲಿನಲ್ಲಿ ಸಪ್ಲೈಯವರನ್ನು ನಾನು ಕರೆಯುವುದೇ ತಟ್ಟೆಗೆ ಚಮಚ ಬಡಿದು. ಪುಂಡಿ ಚೆಲ್ಲಿ ಬಡಿಯಲು ಶುರು ಮಾಡಿದೆ. ಸದ್ದು ಹಿಡಿದು ಬರುತ್ತಾಳೆ ಎಂದು ನನ್ನ ಭರವಸೆ. ಬಡಿದಷ್ಟೂ ನೀರಿನ ಸದ್ದು ದೂರ ಹೋಗುತ್ತಿತ್ತು. ಇನ್ನೂ ಜೋರಾಗಿ ಬಡಿದೆ. ಆಮೇಲೆ ನೀರಿನ ಸದ್ದೂ ನಿಂತಿತು.

ಆಗಿನ ನನ್ನ ಹೆದರಿಕೆಯನ್ನು ಹೇಳಲು ನನಗೆ ಬರುವುದಿಲ್ಲ. ಸೊಂಟದವರೆಗೆ ನೀರಿಗೆ ಇಳಿದೆ, ಕೆಸರಿನಲ್ಲಿ ಕಾಲು ಹೂತಿತು, ಮತ್ತೆ ಹತ್ತಿದೆ. ಇವಳು ಹೋದಳು, ನಾನು ಇಲ್ಲಿ ಮೂಗನ ಹಾಗೆ ತಟ್ಟೆ ಹಿಡಿದು ನಿಂತಿದ್ದೇನೆ ಎಂದು ಅಳು ಬಂತು. ಸದ್ದಿಗೆ ಬಾಬಣ್ಣ ಓಡಿ ಬಂದು ನನ್ನ ಕೈಯಿಂದ ತಟ್ಟೆ ಕಿತ್ತುಕೊಂಡರು. "ಆನೆ ಬಂತಾ? ಎಲ್ಲುಂಟು?" ಎಂದು ಕೇಳಿದರು.

ಆಗ ನನಗೆ ಅರ್ಥವಾಯಿತು. ಈ ಗುಡ್ಡದ ಊರುಗಳಲ್ಲಿ ತಟ್ಟೆ, ಡಬ್ಬ ಬಡಿಯುವುದು ಆನೆಯನ್ನೋ ಹಂದಿಯನ್ನೋ ಓಡಿಸಲು. ನಾರಾವಿಯ ಹುಡುಗಿಗೆ ಅದರ ಅರ್ಥ ಒಂದೇ, ಆ ಕಡೆ ಬರಬೇಡ ಎಂದು. ನಾನು ಹತ್ತಿರ ಕರೆಯುತ್ತಿದ್ದೇನೆ ಎಂದುಕೊಂಡು ಅವಳನ್ನು ದೂರ ಓಡಿಸಿದ್ದೆ.

ಮಂಜು ಎಷ್ಟು ಹೊತ್ತಿಗೆ ಹರಿಯಿತೋ ತಿಳಿಯದು. ಹರಿದಾಗ ಆಚೆ ದಡದ ಒಂದು ಬಂಡೆಯ ಮೇಲೆ ಶಶಿ ಕೂತಿದ್ದಳು. ಕೆರೆ ಸುತ್ತಿ, ಮುಳ್ಳು ಪೊದೆ ಸೀಳಿಕೊಂಡು ನಾವು ಹೋದೆವು. ಅವಳು ಕಾಡಿನ ಕಡೆ ಮುಖ ಮಾಡಿ ಯಾರನ್ನೋ ಹುಡುಕುತ್ತಿದ್ದಳು. ನನ್ನನ್ನು ಕಂಡದ್ದೇ ಸಿಟ್ಟಾದಳು.

"ಎಂತ ಮಾರಾಯ್ರೆ, ಇಷ್ಟು ಹೊತ್ತು ಇಲ್ಲೇ ಇದ್ರಿ, ನಾನು ಮೇಲೆ ಹತ್ತುವಾಗ ಎಲ್ಲಿ ಹೋದ್ರಿ?"

ಅವಳು ಹೇಳಿದ್ದಿಷ್ಟು. ಡಬ್ಬ ಬಡಿದ ಸದ್ದು ಕೇಳಿ ಆನೆ ಎಂದು ಹೆದರಿ ತಿರುಗಿದಳು. ದಿಕ್ಕು ತಪ್ಪಿತು, ಕೈ ಸೋತಿತು, ಇನ್ನು ಆಗುವುದಿಲ್ಲ ಎನ್ನುವಾಗ ಎದುರಿನಿಂದ ನನ್ನ ಕೂ ಕೇಳಿತು. ಅವಳು ಒಂದು ಹಾಕಿದರೆ ನಾನು ಒಂದು ಹಾಕುತ್ತಿದ್ದೆನಂತೆ. ಈಚೆ ದಡದಲ್ಲಿ ನನಗೆ ಅವಳದ್ದೂ ಕೇಳಿರಲಿಲ್ಲ. ಅದನ್ನೇ ಹಿಡಿದುಕೊಂಡು ಬಂದು ಬಂಡೆಗೆ ಕೈ ಇಟ್ಟಳಂತೆ. ನಾನು ಗಂಟಲು ತೋರಿಸಿ ಬಾಯಿ ತೆರೆದೆ. ಗಾಳಿ ಬಂತು. ಅವಳು ಬಾಬಣ್ಣನವರ ಮುಖ ನೋಡಿದಳು. ಅವರು ತಲೆ ತಗ್ಗಿಸಿ, ಈ ಬದಿಗೆ ಯಾರೂ ಬರುವುದಿಲ್ಲ, ದಾರಿಯೇ ಇಲ್ಲ ಎಂದರು. ಆ ಮಧ್ಯಾಹ್ನವೇ ಇಳಿದು ಬಂದೆವು.

ನಾನೂ ಸುಮ್ಮನೆ ಕೂರುವವನಲ್ಲ, ಕಾರಣ ಹುಡುಕಿದೆ. ಹಕ್ಕಿ ಇರಬಹುದು ಎಂದೆ. ಹಕ್ಕಿಯ ಸ್ವರ ಗೊತ್ತಿಲ್ಲದವಳಾ ನಾನು ಎಂದಳು. ಹೆದರಿಕೆಗೆ ಕಿವಿಗೆ ಹಾಗೆ ಕೇಳಿಸಿರಬೇಕು ಎಂದೆ. ಹಾಗಾದರೆ ಅದು ನನ್ನನ್ನು ಸರಿಯಾಗಿ ಬಂಡೆಗೇ ಹೇಗೆ ತಂದಿತು ಎಂದು ಕೇಳಿದಳು. ಒಂದೊಂದು ಸಲ ಗಲ್ಲಾದಲ್ಲಿ ಕೂತಿರುವಾಗ ಹುಚ್ಚು ಯೋಚನೆ ಬರುತ್ತದೆ. ಹಿಂದಿನ ಸಂಜೆ ನಾನು ಹಾಕಿದ ಕೂಗಳು ತಿರುಗಿ ಬಂದಿರಲಿಲ್ಲವಲ್ಲ, ಅವೆಲ್ಲ ಎಲ್ಲಿಗೆ ಹೋಗಿದ್ದವು? ಆಮೇಲೆ ನನಗೇ ನಾಚಿಕೆಯಾಗುತ್ತದೆ.

ಈಗಲೂ ಕೆಲವು ಸಂಜೆ ಹಿತ್ತಲಲ್ಲಿ ನಿಂತು ಅವಳು, ಆವತ್ತಿನ ಹಾಗೆ ಒಮ್ಮೆ ಕೂ ಹಾಕಿ, ಎನ್ನುತ್ತಾಳೆ. ಪಕ್ಕದ ಮನೆಯವರು ಏನೆಂದುಕೊಂಡರೂ ಸರಿ, ಹಾಕುತ್ತೇನೆ. ಅವಳು ಕಣ್ಣು ಮುಚ್ಚಿ ಕೇಳುತ್ತಾಳೆ. ಇನ್ನೊಮ್ಮೆ ಎನ್ನುತ್ತಾಳೆ. ಇನ್ನೊಮ್ಮೆ ಹಾಕುತ್ತೇನೆ.

"ಅಲ್ಲ," ಎನ್ನುತ್ತಾಳೆ ಕೊನೆಗೆ. "ಆವತ್ತಿನದು ನಿಮ್ಮದೇ. ಇದು ನಿಮ್ಮದಲ್ಲ."

ಒಣಗಿದ ಬಟ್ಟೆ ತೆಗೆದುಕೊಂಡು ಒಳಗೆ ಹೋಗುತ್ತಾಳೆ. ನಾನು ಗಂಟಲ ಮೇಲೆ ಕೈ ಇಟ್ಟು, ಸಣ್ಣಗೆ ಇನ್ನೊಂದು ಕೂ ಹಾಕಿ ನೋಡುತ್ತೇನೆ.