ಎರಡು ತುಳಿತ, ಒಂದು ಬಿಡುವು

ಇಂಥ ಪ್ರಸಂಗಗಳನ್ನು ಬೇರೆಯವರು ಹೇಳುವಾಗ ನಾನು ಮೊದಲು ಕೇಳುತ್ತಿದ್ದುದು ಒಂದೇ ಪ್ರಶ್ನೆ: ಅಂದು ಯಾವ ತಿಥಿ, ಯಾವ ವಾರ, ಜೊತೆಯಲ್ಲಿ ಯಾರಿದ್ದರು? ಶಾಸನಗಳ ಕಾಲನಿರ್ಣಯವೇ ನನ್ನ ಜೀವಮಾನದ ಉದ್ಯೋಗವಾಗಿತ್ತು. ಕಲ್ಲಿನಲ್ಲಿ ಕೆತ್ತಿದ ಸಂವತ್ಸರಕ್ಕೂ ತಿಥಿಗೂ ವಾರಕ್ಕೂ ಹೊಂದಿಕೆಯಾಗದಿದ್ದರೆ ಸ್ವತಃ ಅರಸನ ಮಾತನ್ನೂ ಸಂಶಯದಿಂದಲೇ ನೋಡುವುದು ನಮ್ಮ ಪದ್ಧತಿ. ಹೀಗಾಗಿ ಹುಣಸೆಮರದ ದೆವ್ವವಾಗಲಿ, ಬಾವಿಕಟ್ಟೆಯ ಬಿಳಿಸೀರೆಯಾಗಲಿ ನನ್ನ ಎರಡನೆಯ ಪ್ರಶ್ನೆಯವರೆಗೆ ಉಳಿದುಕೊಂಡದ್ದಿಲ್ಲ. ನಿವೃತ್ತನಾದ ಮೇಲೂ ಈ ಚಟ ಬಿಟ್ಟಿಲ್ಲ. ಮದುವೆಯ ಕರೆಯೋಲೆ ಕೈಗೆ ಬಂದರೂ ತಿಥಿ ವಾರಗಳನ್ನು ತಾಳೆ ನೋಡಿಯೇ ಕೆಳಗಿಡುತ್ತೇನೆ. ಈಗ ಬರೆಯಹೊರಟಿರುವುದನ್ನು ಓದುಗರು ನಂಬಲೇಬೇಕೆಂಬ ಹಟ ನನಗಿಲ್ಲ. ನಾನೇ ಅದನ್ನು ನಂಬಿದ್ದೇನೆಯೇ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ತಾಳೆ ನೋಡಬಹುದಾದಷ್ಟನ್ನು ನೋಡಿದ್ದೇನೆ ಎಂದಷ್ಟೇ ಹೇಳಬಲ್ಲೆ.

ಕೆಲವು ವರ್ಷಗಳ ಹಿಂದಿನ ಮಾತು. ಶೇಂಗಾ ಕೀಳುವ ಕಾಲ. ಚಳ್ಳಕೆರೆಯ ನಮ್ಮ ಮನೆಯಿಂದ ಸ್ಕೂಟರಿನಲ್ಲಿ ಸಿದ್ದಾಪುರಕ್ಕೆ ಹೊರಟಿದ್ದೆ. ಅಲ್ಲಿನ ಬಂಡೆಗಲ್ಲಿನ ಅಶೋಕನ ಶಾಸನವನ್ನು ವರ್ಷಕ್ಕೊಮ್ಮೆ ಕಂಡು ಬರುವುದು, ಉಳಿದವರು ನೆಂಟರ ಮನೆಗೆ ಹೋಗಿಬರುವಂತೆ, ನನಗೊಂದು ರೂಢಿ. ತಳಕು ದಾಟಿ ಸ್ವಲ್ಪ ದೂರ ಹೋಗಿರಬೇಕು. ಹೊಲದ ದಾರಿಯಿಂದ ಶೇಂಗಾ ಮೂಟೆ ಹೇರಿದ ಗೂಡ್ಸ್ ಆಟೋವೊಂದು ಹಿಮ್ಮುಖವಾಗಿ ಸೀದಾ ಹೆದ್ದಾರಿಗೆ ಬಂದುಬಿಟ್ಟಿತು. ಅದರ ಚಾಲಕ ಮೊಬೈಲನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು ಯಾರಿಗೋ ಶೇಂಗಾದ ಧಾರಣೆ ವಿವರಿಸುತ್ತಿದ್ದ. ಬ್ರೇಕು ಹಿಡಿದದ್ದು ನೆನಪಿದೆ. ಆಮೇಲೆ ನೆನಪಿರುವುದು ಹರಿದ ಮೂಟೆಯಿಂದ ನನ್ನ ಮೈಮೇಲೆ ಸುರಿದ ಹಸಿ ಶೇಂಗಾದ ಮಣ್ಣಿನ ವಾಸನೆ ಮಾತ್ರ.

ಎಡಗಾಲಿನ ಎಲುಬು ಮೊಣಕಾಲಿನ ಕೆಳಗೆ ಮುರಿದಿತ್ತು. ಚಿತ್ರದುರ್ಗದ ಆಸ್ಪತ್ರೆಯೊಂದರಲ್ಲಿ ಉಕ್ಕಿನ ಪಟ್ಟಿ ಕೂರಿಸಿದರು. ಚಾಲಕ ಬೋರೇಶ ಅಲ್ಲಿಗೆ ಒಂದು ಚೀಲ ಸೀತಾಫಲ ಹಿಡಿದುಕೊಂಡು ಬಂದ. ನನ್ನ ತಲೆದೆಸೆಯಲ್ಲಿ ತಂಗಿ ಗೌರ ಕೂತಿದ್ದಳು.

“ಒಂದ್ ಹಾರ್ನ್ ಹೊಡೆದಿದ್ರೆ ನಿಂತುಬಿಡ್ತಿದ್ದೆ ಸಾರ್,” ಎಂದ ಅವನು, ನೆಲ ನೋಡುತ್ತ.

“ಹಿಂದೆ ನೋಡದೆ ಬಂದೋನು ನೀನು, ಹಾರ್ನ್ ಹೊಡೀಬೇಕಾದೋನು ನಮ್ಮಣ್ಣ ಏನಪ್ಪಾ?” ಎಂದಳು ಗೌರ. “ಹಣ್ಣು ಇಟ್ಟು ಹೋಗು. ಹೋಗುವಾಗಾದ್ರೂ ಮುಂದೆ ನೋಡ್ಕೊಂಡು ಹೋಗು.”

ಬೈದರೂ ಆ ಹಣ್ಣನ್ನು ನನಗೆ ಬಿಡಿಸಿ ಕೊಟ್ಟವಳು ಅವಳೇ. ಬಹಳ ಸಿಹಿಯಾಗಿತ್ತು.

ಚಳ್ಳಕೆರೆಯ ನಮ್ಮ ಮನೆ ಇರುವುದು ಮಹಡಿಯ ಮೇಲೆ. ನನ್ನ ಹೆಂಡತಿ ಶಾರದೆ ಮಗಳ ಬಾಣಂತನಕ್ಕೆಂದು ಬಳ್ಳಾರಿಯಲ್ಲಿದ್ದಳು. ಆದ್ದರಿಂದ ನನ್ನನ್ನು ಮೊಳಕಾಲ್ಮೂರಿನ ಗೌರಳ ಮನೆಗೆ ಕರೆದೊಯ್ದು ನೆಲಮಟ್ಟದ ಕೋಣೆಯೊಂದರಲ್ಲಿ ಮಲಗಿಸಿದರು. ವಾರಗಳು ಕಳೆದವು. ಎಕ್ಸ್‌ರೇ ನೋಡಿದ ವೈದ್ಯರು ಎಲುಬು ಸೊಗಸಾಗಿ ಕೂಡಿದೆ, ವಾಕರ್ ಬಿಟ್ಟು ನಡೆಯಬಹುದು ಎಂದರು. ನಾನು ಮಾತ್ರ ನಡೆಯಲಿಲ್ಲ. ವಾಕರ್ ಹಿಡಿದಾಗ ಹೆಜ್ಜೆ ಬರುತ್ತಿತ್ತು; ಕೈ ಬಿಟ್ಟೆನೆಂದರೆ ಎಡಗಾಲನ್ನು ನೆಲಕ್ಕೆ ಊರುವ ಮೊದಲೇ ಹಿಮ್ಮುಖವಾಗಿ ಬರುವ ಆ ಗಾಡಿ ಕಣ್ಣಮುಂದೆ ನಿಲ್ಲುತ್ತಿತ್ತು. “ಎಲುಬು ಕೂಡಿದೆ, ಧೈರ್ಯ ಕೂಡಿಲ್ಲ,” ಎಂದು ವೈದ್ಯರು ಕೈಚೆಲ್ಲಿದರು.

ಗೌರಳ ಗಂಡ ಪಾಲಾಕ್ಷಪ್ಪ ದಿನಸಿ ಅಂಗಡಿಯವರು. ಅವರ ಚಿಕಿತ್ಸೆಯೆಂದರೆ ಹಾಸ್ಯ. “ಭಾವ, ಅಶೋಕನ ಕಾಲದಿಂದ ಇಲ್ಲೀವರೆಗೆ ಸಲೀಸಾಗಿ ನಡೆದು ಬರ್ತೀರಿ. ಈ ಕೋಣೆಯಿಂದ ಅಡಿಗೆಮನೆಗೆ ಬರೋಕೆ ಆಗಲ್ವಾ?” ಎನ್ನುತ್ತಿದ್ದರು. ನಗು ಬರುತ್ತಿತ್ತು, ಕಾಲು ಬರುತ್ತಿರಲಿಲ್ಲ.

ಆದರೆ ನನಗೆ ನಡೆಯಲೇಬೇಕಾದ ಕಾರಣವೊಂದಿತ್ತು. ಮೊಮ್ಮಗಳು ಹುಟ್ಟಿದ್ದಳು. ತೊಟ್ಟಿಲು ಶಾಸ್ತ್ರದ ದಿನ ಕೂಸನ್ನು ಎತ್ತಿಕೊಂಡು ಬಾಗಿಲಿನಿಂದ ತೊಟ್ಟಿಲವರೆಗೆ ತರುವವನು ಅಜ್ಜ ಎಂದು ಮಗಳು ಮೊದಲೇ ಗೊತ್ತುಮಾಡಿದ್ದಳು. ವಾಕರ್ ಹಿಡಿದವನ ಎರಡು ಕೈಗಳೂ ವಾಕರಿನದೇ. ಕೂಸಿಗೆ ಮೂರನೆಯ ಕೈ ಎಲ್ಲಿಂದ ತರಲಿ? “ಕೂತ್ಕೊಂಡೇ ಎತ್ತಿಕೊಳ್ಳೋರಂತೆ ಬಿಡಿ,” ಎಂದು ಶಾರದೆ ಫೋನಿನಲ್ಲಿ ಸಮಾಧಾನ ಹೇಳಿದ ದಿನ ನನಗೆ ಊಟ ರುಚಿಸಲಿಲ್ಲ.

ನನ್ನ ಕೋಣೆಯ ಗೋಡೆಗೆ ಹೊಂದಿಕೊಂಡಂತೆ ಆಚೆಬದಿಗೆ ನೇಕಾರ ತಿಪ್ಪೇಸ್ವಾಮಿಯ ರೇಷ್ಮೆಸೀರೆಯ ಮಗ್ಗ. ಗುಂಡಿಯಲ್ಲಿ ಕಾಲಿಳಿಸಿ, ಒಂದರ ನಂತರ ಒಂದು ಹಲಗೆ ತುಳಿಯುತ್ತ ನೇಯುವ ಹಳೆಯ ಬಗೆಯದು. ಗಂಡಹೆಂಡಿರು ತಮ್ಮೊಳಗೆ ತೆಲುಗು ಆಡುತ್ತಿದ್ದರು, ನಮ್ಮೊಡನೆ ಕನ್ನಡ, ಮಗ್ಗದೊಡನೆ ಎರಡನ್ನೂ. ದಿನವಿಡೀ ಮಲಗಿ ಕೇಳಿದ ನನಗೆ, ಕೆತ್ತನೆಯಿಂದ ಕಲ್ಲುಕುಟಿಗನ ಕೈಯನ್ನು ಗುರುತಿಸುವಂತೆ, ಸದ್ದಿನಿಂದಲೇ ಕೂತವರು ಯಾರೆಂದು ತಿಳಿಯತೊಡಗಿತ್ತು. ತಿಪ್ಪೇಸ್ವಾಮಿಯದು ಬಿರುಸಿನ ಏಕತಾಳ. ಅವನ ಹೆಂಡತಿ ಓಬಮ್ಮನದು ಬೀದಿಯಲ್ಲಿ ಯಾರಾದರೂ ಹಾದುಹೋದರೆ ಸಾಕು, ಮಾತಿಗೆಂದು ನಿಂತುಬಿಡುವ ತಾಳ.

ಆ ದಿನ ಬೆಳಗಿನ ಬಿಸಿಲು ಕೋಣೆಯ ನಡುವಿಗೆ ಬಂದಿತ್ತು. ಪಾಲಾಕ್ಷಪ್ಪ ಅಂಗಡಿಗೆ ಹೋಗಿದ್ದರು. ಗೌರ ಮಾಳಿಗೆಯ ಮೇಲೆ ಸಂಡಿಗೆ ಇಡುತ್ತಿದ್ದಳು. ನಾನು ವಾಕರ್ ಹಿಡಿದು ಎದ್ದು ನಿಂತಿದ್ದೆ. ಆಗ ಗೋಡೆಯಾಚೆ ಮಗ್ಗ ಶುರುವಾಯಿತು. ಅದು ತಿಪ್ಪೇಸ್ವಾಮಿಯದೂ ಅಲ್ಲ, ಓಬಮ್ಮನದೂ ಅಲ್ಲ. ಎರಡು ತುಳಿತ, ಒಂದು ಬಿಡುವು. ಮತ್ತೆ ಎರಡು ತುಳಿತ, ಒಂದು ಬಿಡುವು. ಅವಸರವೇ ಇಲ್ಲದ ನೇಯ್ಗೆ. ನೆಂಟರಲ್ಲಿ ಯಾರೋ ಬಂದು ಕೂತಿದ್ದಾರೆ ಎಂದುಕೊಂಡೆ.

ಆ ಸದ್ದಿಗೆ ನನ್ನ ಕಾಲು ತಾನಾಗಿ ಎದ್ದಿತು. ಬಲ, ಎಡ, ಬಿಡುವು. ಎಡಗಾಲು ಊರಿದ ಮೇಲೆ ಬರುವ ಆ ಬಿಡುವು, ಯಾರೋ ‘ನಿಧಾನ, ನಾನೂ ನಿಂತಿದ್ದೇನೆ’ ಎಂದಂತೆ ಇತ್ತು. ಹಿಮ್ಮುಖವಾಗಿ ಬರುವ ಗಾಡಿ ನೆನಪಾಗಲು ಅಲ್ಲಿ ತೆರಪೇ ಇರಲಿಲ್ಲ. ಹೊಸ್ತಿಲ ಬಳಿ ಬಂದಾಗ ನೋಡುತ್ತೇನೆ, ನನ್ನ ಕೈಗಳು ಖಾಲಿ. ವಾಕರ್ ಮಂಚದ ಪಕ್ಕದಲ್ಲೇ ಉಳಿದಿತ್ತು. ಗಾಬರಿಯಿಂದ ನಿಂತುಬಿಟ್ಟೆ. ಮಗ್ಗವೂ ನಿಂತಿತು. ಒಂದು ಹೆಜ್ಜೆ ಹಾಕಿದೆ, ಅದೂ ಶುರುವಾಯಿತು. ಆ ಹೊತ್ತಿಗೆ ಇದನ್ನು ಕಾಕತಾಳೀಯವೆಂದೇ ತಿಳಿದು ನಗುತ್ತ ನಡುಮನೆ ದಾಟಿ ಅಡಿಗೆಮನೆಗೆ ಹೋಗಿ ನೀರು ಕುಡಿದೆ.

ಗೌರ ಇಳಿದು ಬಂದು ಮೊದಲು ಕೋಣೆಯಲ್ಲಿದ್ದ ವಾಕರನ್ನು ನೋಡಿದಳು, ಆಮೇಲೆ ಅಡಿಗೆಮನೆಯಲ್ಲಿದ್ದ ನನ್ನನ್ನು. “ಅಣ್ಣ, ನಿನ್ ಗಾಡಿ ಅಲ್ಲೈತೆ, ನೀನು ಇಲ್ಲಿದ್ದೀಯ,” ಎಂದವಳು ಸಂಡಿಗೆಯ ಹಿಟ್ಟಿನ ಕೈಯಿಂದಲೇ ಕಣ್ಣೊರೆಸಿಕೊಂಡಳು. ಮುಖದ ತುಂಬ ಹಿಟ್ಟಾಯಿತು. ಆ ಗಳಿಗೆಯಲ್ಲೇ ನಾನು ಶಾರದೆಗೆ ಫೋನ್ ಮಾಡಿ ಸುದ್ದಿ ಹೇಳಿದೆ. ಈ ಫೋನಿನ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಕೆಲವು ದಿನಗಳ ಬಳಿಕ ಒಂದು ತಟ್ಟೆ ಶೇಂಗಾ ಉಂಡೆಯೊಡನೆ ನಾನೂ ಗೌರಳೂ ಪಕ್ಕದ ಮನೆಗೆ ಹೋದೆವು. ಆ ದಿನ ನೇಯ್ದವರು ಯಾರೇ ಇರಲಿ, ಅವರ ಮಗ್ಗದ ಸದ್ದೇ ನನ್ನನ್ನು ನಡೆಸಿತು ಎಂದು ಹೇಳಿ ಕೈಮುಗಿದೆ. ಅದು ಯಾವ ದಿನವೆಂದು ಗೌರ ನೆನಪಿಸಿದಳು. ನನ್ನ ಕೃತಜ್ಞತೆ ಒಂದು ಸಂಸಾರದಲ್ಲಿ ಇಷ್ಟು ಬೇಗ ಬೆಂಕಿ ಹಚ್ಚಬಲ್ಲುದೆಂದು ಎಣಿಸಿರಲಿಲ್ಲ. ಓಬಮ್ಮ ಗಂಡನ ಕಡೆ ತಿರುಗಿದಳು.

“ಅಮಾಸೆ ದಿನ ಮಗ್ಗಕ್ಕೆ ಕೂತಿದ್ಯೇನಯ್ಯ ನೀನು?”

“ನಾನೆಲ್ಲೇ ಕೂತೆ? ನಿನ್ ಪಕ್ಕದಾಗೆ ಬಸ್ಸಿನಾಗೆ ಕೂತಿದ್ದೆ. ಕೂತಿದ್ರೆ ನೀನೇ ಕೂತಿರ್ಬೇಕು.”

“ನಿನ್ ಪಕ್ಕ ಕೂತಿದ್ದೋಳು ಮತ್ಯಾರು, ನಿನ್ ಇನ್ನೊಬ್ಬ ಹೆಂಡ್ತಿಯಾ?”

ಅಮಾವಾಸ್ಯೆಯಂದು ಆ ಬೀದಿಯಲ್ಲಿ ಯಾರೂ ಮಗ್ಗಕ್ಕೆ ಇಳಿಯುವುದಿಲ್ಲ. ತಲೆತಲಾಂತರದ ಕಟ್ಟುನಿಟ್ಟು ಅದು. ಮಗ್ಗಕ್ಕೆ ಹಾಸಿದ ನೂಲು ಹರಿದರೂ ಗಂಟು ಹಾಕದೆ ಮರುದಿನಕ್ಕೆ ಬಿಡುತ್ತಾರೆ. ಅಂದು ಗಂಡಹೆಂಡಿರಿಬ್ಬರೂ ಮೊದಲ ಬಸ್ಸಿಗೆ ಆಂಧ್ರದ ಗಡಿಯ ಹಳ್ಳಿಯಲ್ಲಿರುವ ಮನೆದೇವರಿಗೆ ಹೋಗಿ, ದೀಪ ಹಚ್ಚುವ ಹೊತ್ತಿಗೆ ಮರಳಿದ್ದರು. ಮನೆಗೆ ಬೀಗ. ಬೀಗದ ಕೈಯನ್ನು ಎಂದಿನಂತೆ ಗೌರಳಿಗೆ ಕೊಟ್ಟಿದ್ದರು. ಅವಳು ಅದನ್ನು ತೂಗುಹಾಕಿದ್ದು ನನ್ನ ಕೋಣೆಯಲ್ಲಿ, ನನ್ನ ಮಂಚದ ತಲೆದೆಸೆಯ ಮೊಳೆಗೆ.

ನಾನು ಒಪ್ಪಲಿಲ್ಲ. ತಂಗಿಯ ನೆನಪು ತಪ್ಪಿರಬೇಕು, ನಾನು ನಡೆದದ್ದು ಹಿಂದಿನ ದಿನವೋ ಮರುದಿನವೋ ಇರಬೇಕೆಂದು ವಾದಿಸಿ ಮನೆಗೆ ಬಂದು ಮೊಬೈಲ್ ತೆಗೆದೆ. ಶಾರದೆಗೆ ಮಾಡಿದ ಕರೆಯ ದಿನಾಂಕ ಅದರಲ್ಲಿತ್ತು. ಗೋಡೆಯ ಕ್ಯಾಲೆಂಡರಿನಲ್ಲಿ ಅದೇ ದಿನಾಂಕದ ಚೌಕದಲ್ಲಿ ಕಪ್ಪು ವೃತ್ತ. ಪಂಚಾಂಗ ತರಿಸಿದೆ, ಅಮಾವಾಸ್ಯೆ ತಿಥಿ ಹಿಂದಿನ ದಿನವೇ ಮುಗಿದಿರಬಹುದೆಂಬ ಕೊನೆಯ ಆಸೆಯೂ ಹೋಯಿತು. ಶಾರದೆಗೆ ಮತ್ತೆ ಫೋನ್ ಮಾಡಿ ಕೇಳಿದೆ. “ಅವತ್ತು ಅಮಾಸೆ ಅಂತ ಕೂಸನ್ನ ಹೊಸ್ತಿಲಾಚೆ ಬಿಟ್ಟಿರ್ಲಿಲ್ಲ. ನಡೆದ ಮೇಲೂ ತಿಥಿ ಕೇಳ್ತೀರಲ್ರಿ, ನಡೆದಿದ್ದು ಸಾಲದಾ?” ಎಂದಳು.

ಮತ್ತೆ ಪಕ್ಕದ ಮನೆಗೆ ಹೋಗಿ ಸೋಲೊಪ್ಪಿಕೊಂಡೆ. ಆಗ ಓಬಮ್ಮ ಬೇರೊಂದು ಮಾತು ತೆಗೆದಳು. ಅಮಾವಾಸ್ಯೆಯ ಹಿಂದಿನ ಸಂಜೆ ಅವಳು ಲಾಳಿಯಲ್ಲಿ ತುಂಬಿದ ಕಂಡಿಕೆ, ಅಂದರೆ ನೂಲು ಸುತ್ತಿದ ಕಡ್ಡಿ, ಇಟ್ಟಿದ್ದಳಂತೆ. ಅಮಾವಾಸ್ಯೆ ಕಳೆದು ಬೆಳಗ್ಗೆ ನೋಡಿದರೆ ಬರಿಯ ಕಡ್ಡಿ. “ತುಂಬಿದ್ದು ಇಡೋದು ಮರೆತು ಖಾಲಿದು ಇಟ್ಟಿರ್ತೀಯ,” ಎಂದು ತಿಪ್ಪೇಸ್ವಾಮಿ ಅಂದೇ ಗೇಲಿ ಮಾಡಿದ್ದ. ಒಂದು ಕಂಡಿಕೆಯ ನೂಲಿಗೆ ಬಟ್ಟೆ ಬೆಳೆಯುವುದೇ ಬೆರಳಗಲ. ಅಷ್ಟು ಬೆಳೆದಿದೆಯೇ ಎಂದು ನೋಡಿ ಹೇಳಲು ಅವರಿಬ್ಬರಿಗೂ ಆಗಲಿಲ್ಲ. ಹೇಳಿದ್ದರೂ ಒಬ್ಬರ ಮಾತನ್ನು ಇನ್ನೊಬ್ಬರು ಒಪ್ಪುತ್ತಿರಲಿಲ್ಲ.

“ಸದ್ದು ಹೆಂಗಿತ್ತು ಮೇಷ್ಟ್ರೇ?” ಎಂದು ಕೇಳಿದ ತಿಪ್ಪೇಸ್ವಾಮಿ. ನಾನು ಎಂದೂ ಪಾಠ ಹೇಳಿದವನಲ್ಲ. ಕನ್ನಡಕ ಹಾಕಿಕೊಂಡವರೆಲ್ಲ ಅವನಿಗೆ ಮೇಷ್ಟ್ರು. ಮಗ್ಗದ ಮರದ ಮೇಲೆ ಬೆರಳಿನಿಂದ ತಟ್ಟಿ ತೋರಿಸಿದೆ. ಎರಡು ತುಳಿತ, ಒಂದು ಬಿಡುವು.

ಅವನು ಗುಂಡಿಯೊಳಗಿನ ಎಡದ ಹಲಗೆಯ ಕಡೆ ಬಾಗಿದ. “ನಮ್ಮವ್ವಂಗೆ ಎಡಗಾಲು ಸಣ್ಣದು,” ಎಂದ. “ಎಡದ ಹಲಗೆ ತುಳಿದ ಮ್ಯಾಲೆ ಸುಧಾರಿಸ್ಕಂಡು ಮುಂದಿನ ಸಲ ತುಳೀತಿದ್ಲು. ಹುಡುಗರಾಗಿದ್ದಾಗ ಆ ಸದ್ದಿಗೇ ನಮಗೆ ನಿದ್ದೆ ಬರ್ತಿದ್ದುದು.” ಓಬಮ್ಮ ಗಂಡನ ಜೊತೆ ಜಗಳ ಮುಂದುವರಿಸಲಿಲ್ಲ. ಉಂಡೆಯ ತಟ್ಟೆಯನ್ನು ಒಳಗೆ ತೆಗೆದುಕೊಂಡು ಹೋಗಿ ದೇವರ ಮುಂದಿಟ್ಟಳು.

ಆ ತಾಯಿ ತೀರಿಕೊಂಡದ್ದು ಗೌರಳ ಮನೆಯವರು ಆ ಬೀದಿಗೆ ಬರುವ ಎಷ್ಟೋ ಮೊದಲು. ಆಕೆ ನೇಯುತ್ತಿದ್ದ ಬಗೆಯನ್ನು ಗೌರ ಕೇಳಿಯೇ ಇರಲಿಲ್ಲ. ಹಾಗಾಗಿ ನಾನು ಅವಳಿಂದ ಕೇಳಿ ಮರೆತಿರುವ ಸಂಭವವೂ ಇಲ್ಲ. ಆದರೂ ಒಬ್ಬನೇ ಸಾಕ್ಷಿಯನ್ನು ನಂಬಬಾರದೆಂದು ಬೀದಿಯ ಕೊನೆಯ ಮನೆಯ ವೃದ್ಧ ನೇಕಾರರಲ್ಲಿಗೆ ಹೋದೆ. ನಾನಾಗಿ ಏನನ್ನೂ ಸೂಚಿಸದೆ, ತಿಪ್ಪೇಸ್ವಾಮಿಯ ತಾಯಿ ಹೇಗೆ ನೇಯುತ್ತಿದ್ದರು ಎಂದಷ್ಟೇ ಕೇಳಿದೆ. ಅವರು ಕೋಲಿನಿಂದ ಕಟ್ಟೆಯ ಮೇಲೆ ಎರಡು ಸಲ ಕುಟ್ಟಿ, ತಡೆದು, ಮತ್ತೆ ಎರಡು ಸಲ ಕುಟ್ಟಿದರು. ಅಷ್ಟರಲ್ಲಿ ತಿಪ್ಪೇಸ್ವಾಮಿ ಅವರ ಕಿವಿಗೆ ವಿಷಯ ಹಾಕಿರಲಿಲ್ಲವೆಂದು ಪ್ರಮಾಣ ಮಾಡಿ ಹೇಳಲಾರೆ, ಬೀದಿ ಚಿಕ್ಕದು. ನಾನು ಕೇಳಿದ್ದು ನನ್ನದೇ ನಾಡಿಯ ಬಡಿತವಾಗಿರಬಹುದು, ಹೆದರಿದ ಕಾಲು ತನಗೆ ಬೇಕಾದ ತಾಳವನ್ನು ತಾನೇ ಕಟ್ಟಿಕೊಂಡಿರಬಹುದು. ಹಾಗಿದ್ದಲ್ಲಿ ಅದು ಒಬ್ಬ ಅಪರಿಚಿತ ತಾಯಿಯ ತಾಳವನ್ನೇ ಏಕೆ ಕಟ್ಟಿತು ಎಂಬಲ್ಲಿ ನನ್ನ ತರ್ಕ ನಿಲ್ಲುತ್ತದೆ. ಮುಂದಿನ ಅಮಾವಾಸ್ಯೆಯಂದು ಗೋಡೆಗೆ ಕಿವಿಯಿಟ್ಟು ಕೂತೆ. ಕೇಳಿಸಿದ್ದು ಗೌರಳ ಮಿಕ್ಸಿಯ ಸದ್ದು ಮಾತ್ರ.

ಓಬಮ್ಮನಿಗೆ ಈ ಗೊಂದಲಗಳಿಲ್ಲ. ಈಗಲೂ ಅವಳು ಅಮಾವಾಸ್ಯೆಯ ಹಿಂದಿನ ಸಂಜೆ ತುಂಬಿದ ಕಂಡಿಕೆಯನ್ನು ಲಾಳಿಯಲ್ಲಿಟ್ಟೇ ಏಳುತ್ತಾಳೆ. ಕೇಳಿದರೆ, “ಇನ್ಯಾರಿಗಾದ್ರೂ ಕಾಲು ಮುರಿದಿದ್ರೆ ಬೇಕಾಗ್ತೈತಲ್ರಿ,” ಎನ್ನುತ್ತಾಳೆ.

ತೊಟ್ಟಿಲು ಶಾಸ್ತ್ರಕ್ಕೆ ನಮ್ಮನ್ನು ಬಸ್ ನಿಲ್ದಾಣಕ್ಕೆ ಬಿಡಲು ಬೋರೇಶ ತಾನಾಗಿಯೇ ಅದೇ ಗೂಡ್ಸ್ ಆಟೋ ತಂದಿದ್ದ. ಗಾಡಿಯನ್ನು ಹಿಂದಕ್ಕೆ ತೆಗೆಯುವ ಮೊದಲು ಇಳಿದು, ಹಿಂದಕ್ಕೆ ನಡೆದು ಹೋಗಿ, ಬೀದಿಯ ಎರಡೂ ಕಡೆ ನೋಡಿ ಬಂದ. ಗೌರ ತೃಪ್ತಿಯಿಂದ ಅವನಿಗೆ ಎರಡು ಉಂಡೆ ಕೊಟ್ಟಳು.

ಬಳ್ಳಾರಿಯಲ್ಲಿ ನಾನು ಕೂಸನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಾಗಿಲಿನಿಂದ ತೊಟ್ಟಿಲವರೆಗೆ ನಡೆದೆ. ಬೆಳಗಿನಿಂದ ಅತ್ತು ಮನೆಯವರನ್ನೆಲ್ಲ ಸೋಲಿಸಿದ್ದ ಮೊಮ್ಮಗಳು ನಡುಮನೆ ದಾಟುವುದರೊಳಗೆ ನಿದ್ದೆ ಹೋದಳು. ಅಂದಿನಿಂದ ಅವಳನ್ನು ಮಲಗಿಸುವ ಕೆಲಸ ನನ್ನದಾಯಿತು. ಬೇರೆಯವರು ಎತ್ತಿಕೊಂಡು ಎಷ್ಟು ತಿರುಗಾಡಿದರೂ ಅವಳು ಕಣ್ಣು ಬಿಟ್ಟುಕೊಂಡೇ ಇರುತ್ತಿದ್ದಳು. ನನ್ನ ಕಾಲಿನಲ್ಲಿ ಕುಂಟು ಇಲ್ಲವೆಂದು ವೈದ್ಯರು ಬರೆದುಕೊಟ್ಟಿದ್ದಾರೆ. ಒಬ್ಬನೇ ನಡೆಯುವಾಗ ನಾನು ನೆಟ್ಟಗೇ ನಡೆಯುತ್ತೇನೆ. ಹೆಗಲ ಮೇಲೆ ಕೂಸು ಬಂದಾಗ ಮಾತ್ರ ನಡಿಗೆ ತಾನಾಗಿ ಬದಲಾಗುತ್ತಿತ್ತು: ಬಲ, ಎಡ, ಬಿಡುವು.

“ಮಗಳನ್ನ ಎತ್ತಿಕೊಂಡಾಗ ನೀವು ಹಿಂಗೆ ನಡೀತಿರ್ಲಿಲ್ಲ. ಎಲ್ಲಿ ಕಲಿತ್ರಿ ಇದನ್ನ?” ಎಂದು ಶಾರದೆ ಆ ದಿನವೇ ಕೇಳಿದಳು. ಕೂಸು ಏಳಬಾರದೆಂದು ನಾನು ಉತ್ತರ ಹೇಳಲಿಲ್ಲ. ಈಗ ಕೂಸು ದೊಡ್ಡವಳಾಗಿ ಶಾಲೆಗೆ ಹೋಗುತ್ತಿದ್ದಾಳೆ. ಉತ್ತರವನ್ನು ಇನ್ನೂ ಹೇಳಿಲ್ಲ.