ಬಾವುಟ ಮಲಗಿಸಿ ಉಪವಾಸ ಕೂತದ್ದು

ದೊಡ್ಡನೆಕ್ಕುಂದಿಯಲ್ಲಿ ನಮ್ಮ ಮನೆಯ ಹಿಂದಿನ ರಸ್ತೆಗೆ ಬಾರ್ಬೆಕ್ಯೂ ಹೋಟೆಲು ಬಂದಾಗ ಎಲ್ಲರಿಗಿಂತ ಹೆಚ್ಚು ತಲೆ ಕೆಡಿಸಿಕೊಂಡವರು ನನ್ನ ಅತ್ತೆ. ಒಣಗಿದ ಬಟ್ಟೆ ತರಲು ಟೆರೇಸಿಗೆ ಹೋದವರು, ಆ ಕಡೆಯಿಂದ ಬರುವ ಸುಟ್ಟ ಮಾಂಸದ ಘಮಕ್ಕೆ ಬಟ್ಟೆ ಮರೆತು ನಿಂತುಬಿಡುತ್ತಿದ್ದರು.

"ಟೇಬಲ್ ಮೇಲೇ ಒಲೆ ಇಡ್ತಾರಂತೆ ಕಣಮ್ಮಿ. ಎಷ್ಟು ಬೇಕಾದ್ರೂ ತಿನ್ಬೋದಂತೆ!"

ನನಗೂ ನನ್ನ ಓರಗಿತ್ತಿಗೂ ಕೇಳಿ ಕೇಳಿ ಬಾಯಲ್ಲಿ ನೀರೂರತೊಡಗಿತು. ಒಂದು ಬುಧವಾರ ಮಧ್ಯಾಹ್ನ ಮೂವರೂ ಹೊರಟೇಬಿಟ್ಟೆವು. ಅತ್ತೆ ಮದುವೆಮನೆಗೆ ಉಡುವ ರೇಷ್ಮೆ ಸೀರೆ ಉಟ್ಟಿದ್ದರು. ಬೆಳಗ್ಗೆ ತಿಂಡಿ ಯಾರಿಗೂ ಇಲ್ಲ. "ಒಟ್ಟೆ ಖಾಲಿ ಇರ್ಲಿ" ಎಂದು ಅವರದೇ ಅಪ್ಪಣೆ.

ಟೇಬಲ್ಲಿನ ನಡುವಿನ ಗುಂಡಿಗೆ ಕೆಂಡದ ಪೆಟ್ಟಿಗೆ ಇಳಿಸಿ, ಇಂಗ್ಲಿಷಿನಲ್ಲಿ ಏನೋ ಗಡಗಡ ಒಪ್ಪಿಸಿ ವೇಟರ್ ಹೋದ. ಪಕ್ಕದಲ್ಲೇ ಪುಟ್ಟದೊಂದು ಕಾಗದದ ಬಾವುಟ ನಿಂತಿತ್ತು.

"ಕೆಂಡದ ಪಕ್ಕ ಕಾಗದ ಇಡ್ತಾರಾ? ಒತ್ಕೊಂಡ್ರೆ?" ಎಂದ ಅತ್ತೆ ಅದನ್ನು ಮೆಲ್ಲಗೆ ಅಡ್ಡ ಮಲಗಿಸಿದರು.

ಆಮೇಲೆ ನಮ್ಮ ಕಡೆ ಯಾರೂ ತಲೆ ಹಾಕಲಿಲ್ಲ. ಸುತ್ತಲಿನ ಟೇಬಲ್ಲುಗಳಿಗೆಲ್ಲ ಕಬಾಬು ಚುಚ್ಚಿದ ಕಂಬಿಗಳು ಬರುತ್ತಲೇ ಇದ್ದವು. ನಾವು ನೀರು ಕುಡಿದೆವು. ಮತ್ತೆ ಕುಡಿದೆವು. ಓರಗಿತ್ತಿಯ ಹೊಟ್ಟೆ ಗೊರ್ ಎಂದಿತು. ನಾನು ಕಿಸಕ್ಕೆಂದೆ. ಅವಳೂ ಶುರುಮಾಡಿದಳು. "ಸುಮ್ನಿರ್ರೇ" ಎಂದು ಗದರಿದ ಅತ್ತೆಯ ಹೊಟ್ಟೆಯೂ ಅಷ್ಟೇ ಜೋರಾಗಿ ಗೊರಗುಟ್ಟಿದಾಗ ಮೂವರೂ ಸೆರಗಿನಲ್ಲಿ ಮುಖ ಮುಚ್ಚಿಕೊಂಡೆವು.

ಕೊನೆಗೆ ವೇಟರ್ ಬಂದು ಕೇಳಿದ: "ಐಸ್‌ಕ್ರೀಮ್ ತರ್ಲಾ ಮೇಡಂ?"

"ಊಟಕ್ಕೆ ಮುಂಚೇನಾ?" ಅತ್ತೆ ಕಣ್ಣರಳಿಸಿದರು.

"ಫ್ಲ್ಯಾಗ್ ಮಲಗಿಸಿದ್ದೀರಲ್ಲ ಮೇಡಂ. ಅಂದ್ರೆ ಹೊಟ್ಟೆ ತುಂಬ್ತು, ಸಾಕು ಅಂತ."

ಅತ್ತೆ ತಟ್ಟನೆ ಬಾವುಟ ಎತ್ತಿ ನಿಲ್ಲಿಸಿ ಅದು ಬೀಳದ ಹಾಗೆ ಕೈಯಲ್ಲಿ ಹಿಡಿದೇ ಕೂತರು. ಕಬಾಬೂ ಬಂತು. ಆದರೆ ಅಷ್ಟು ಹೊತ್ತಿಗೆ ಕೆಂಡ ಬೂದಿಯಾಗಿತ್ತು. ಕೋಳಿ ತಣ್ಣಗೆ, ಮೀನು ಸಪ್ಪಗೆ, ಅನಾನಸ್ ಯಾಕೆ ಬಂತೋ ಗೊತ್ತಾಗಲಿಲ್ಲ. ಒಂದು ತುಂಡನ್ನು ಬಹಳ ಹೊತ್ತು ಅಗಿದ ಅತ್ತೆ, "ಇದೇನೇ, ಕೋಳಿನಾ ಬಾವಿ ಸೇದೋ ಅಗ್ಗನಾ?" ಎಂದರು. ನಾನು ಕುಡಿಯುತ್ತಿದ್ದ ನೀರು ಮೂಗಿಗೇರಿತು.

"ತಡೀರಿ, ಕೆಂಡ ಎಬ್ಬಿಸ್ತೀನಿ." ವೇಟರನನ್ನು ಕರೆಯೋಣವೆಂದು ನಾನು ಬಾಯಿ ತೆರೆಯುವ ಮೊದಲೇ ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಗ್ಗಿ, ಜೀವಮಾನವೆಲ್ಲ ಸೌದೆ ಒಲೆ ಊದಿದ ಉಸಿರನ್ನು ಒಟ್ಟುಮಾಡಿ ಫೂ ಎಂದರು.

ಬೂದಿ ಮೋಡದಂತೆ ಎದ್ದಿತು. ಕಣ್ಣು ಬಿಟ್ಟು ನೋಡಿದರೆ ಓರಗಿತ್ತಿಯ ಹುಬ್ಬು ನೆರೆತಿತ್ತು, ರೇಷ್ಮೆ ಸೀರೆ ಬೂದುಬಣ್ಣಕ್ಕೆ ತಿರುಗಿತ್ತು, ಅನಾನಸ್ಸಿಗೆ ವಿಭೂತಿ ಬಳಿದಂತಿತ್ತು. ಅತ್ತೆ ನಗುತ್ತಾ ನಗುತ್ತಾ ಕುರ್ಚಿಯಿಂದ ಜಾರಿದರು. ಅವರನ್ನು ಎತ್ತಲು ಹೋದ ನಾವೂ ನಗುತ್ತಾ ಪಕ್ಕದಲ್ಲೇ ಕುಸಿದೆವು.

ದಾರಿಯುದ್ದಕ್ಕೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಬಂದೆವು. ಗೇಟಿನ ಹತ್ತಿರ ಪಕ್ಕದ ಮನೆಯಾಕೆ ಕಾದಿದ್ದಳು. "ಎಂಗಿತ್ತಕ್ಕಾ?"

"ಬಾಯಲ್ಲಿಟ್ರೆ ಕರ್ಗೋಯ್ತು ಕಣೇ!" ಅತ್ತೆ ಕೊಂಚವೂ ಅಳುಕದೆ ಹೇಳಿದರು.

"ಅಂಗಾದ್ರೆ ಬಾನ್ವಾರ ನನ್ನೂ ಕರ್ಕೊಂಡೋಗಿ."

ಅತ್ತೆ ನಮ್ಮ ಮುಖ ನೋಡಿದರು. ನಾವಿಬ್ಬರೂ ಬಾಯಿ ಮುಚ್ಚಿಕೊಂಡು ಒಳಗೆ ಓಡಿದೆವು, ಮುದ್ದೆಗೆ ಎಸರಿಡಲು.